ಗಾಯರಾಣದ ಹುಲ್ಲು ಮತ್ತು ಕಾಂಗ್ರೆಸ್ ಕಸ: ನಮ್ಮ ಭಾಗದ ಮೇವಿನ ಇತಿಹಾಸ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿ, ಈ ಬೆಳ್ಳಿಹಬ್ಬದ ಸಂಚಿಕೆ ಹೊರಬರುತ್ತಿರುವುದು ಊರಿಗೆಲ್ಲ ಸಂತೋಷದ ಸಂಗತಿ. ಸಂಘ ಹುಟ್ಟಿದ ಕಥೆ, ಕಟ್ಟಡ ಎದ್ದ ಕಥೆ, ಲೀಟರಿನ ಲೆಕ್ಕ, ಬೋನಸ್ಸಿನ ಲೆಕ್ಕ ಇವನ್ನೆಲ್ಲ ಉಳಿದ ನಿರ್ದೇಶಕರು, ಕಾರ್ಯದರ್ಶಿಗಳು ಬರೆಯುತ್ತಾರೆ. ನಾವು ಬರೆಯಹೊರಟಿರುವುದು ಹುಲ್ಲಿನ ಇತಿಹಾಸ. ಹಾಲು ಕ್ಯಾನಿನಾಗ ಹುಟ್ಟೂದಿಲ್ಲ, ಆಕಳ ಎಮ್ಮಿ ತಿಂದ ಮೇವಿನಾಗ ಹುಟ್ಟತದ. ಆ ಮೇವಿನ ಇತಿಹಾಸ ಯಾವ ಠರಾವು ಪುಸ್ತಕದಲ್ಲೂ ಇಲ್ಲ. ಹಿರಿಯರ ಬಾಯಲ್ಲಿ ಸ್ವಲ್ಪ, ಪಹಣಿಯಲ್ಲಿ ಸ್ವಲ್ಪ, ಕೃಷಿ ಇಲಾಖೆಯ ಕಾಗದಗಳಲ್ಲಿ ಸ್ವಲ್ಪ ಹಂಚಿಹೋಗಿದೆ. ಅದನ್ನು ಒಂದು ಕಡೆ ಕೂಡಿಸುವ ಪ್ರಯತ್ನ ಇದು.

ಚೌಡಾಪುರ ಅಂದರೆ ದೂರದವರಿಗೆ ನೆನಪಾಗುವುದು ಒಂದು ಕ್ರಾಸು. ಕಲಬುರಗಿಯಿಂದ ಅಫಜಲಪುರದ ದಾರಿ ಹಿಡಿದು, ದೇವಲ ಗಾಣಗಾಪುರಕ್ಕೆ ದತ್ತಾತ್ರೇಯನ ದರ್ಶನಕ್ಕೆ ಹೋಗುವ ಭಕ್ತರು ಇಲ್ಲಿ ತಿರುಗುತ್ತಾರೆ. ಆ ಕಡೆ ಭೀಮಾ, ಅಮರ್ಜಾ ನದಿಗಳು ಕೂಡುವ ಸಂಗಮ. ಈ ಕಡೆ ಎರಿ ಭೂಮಿ, ಜೋಳ, ತೊಗರಿ, ಈಚೆಗೆ ಹತ್ತಿ ಮತ್ತು ಕಬ್ಬು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಮಳೆಗಾಲದಲ್ಲಿ ರಸ್ತೆಯ ಎರಡೂ ಬದಿ ಹಸಿರೋ ಹಸಿರು. ಆದರೆ ಆ ಹಸಿರಿನಲ್ಲಿ ದನ ತಿನ್ನುವುದು ಎಷ್ಟು, ತಿನ್ನದೇ ಬಿಡುವುದು ಎಷ್ಟು ಎಂಬುದು ದನ ಕಾಯುವವರಿಗೇ ಗೊತ್ತು.

ಗಾಯರಾಣ ಎಂಬ ಮಾತು

ಹಳೆ ಮೈಸೂರಿನ ಕಡೆ ಗೋಮಾಳ ಅನ್ನುವುದನ್ನು ನಮ್ಮ ಕಡೆ ಗಾಯರಾಣ ಅನ್ನುತ್ತೇವೆ. ಮರಾಠಿಯ ಮಾತು ಇದು. ಗಾಯ್ ಅಂದರೆ ಆಕಳು, ರಾನ್ ಅಂದರೆ ಅಡವಿ, ಬಯಲು. ಅಂದರೆ ಆಕಳಿಗೆ ಬಿಟ್ಟ ಬಯಲು. ನಮ್ಮ ಜಿಲ್ಲೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ನಿಜಾಮರ ಕಾಲದ ಜಮೀನಿನ ವ್ಯವಹಾರಕ್ಕೆಲ್ಲ 1317 ಫಸಲಿಯ ಹೈದರಾಬಾದ್ ಭೂಕಂದಾಯ ಕಾನೂನು ಆಧಾರ. ಫಸಲಿ 1317 ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 1907-08. ಆ ಕಾಲದ ಪಹಣಿ ಉರ್ದುವಿನಲ್ಲಿ. ಪಟ್ಟಾ, ಖಾರಿಜ್ ಖಾತಾ, ಪರಂಪೋಕ, ಗಾಯರಾಣ ಈ ಮಾತುಗಳು ಇವತ್ತಿಗೂ ತಹಸೀಲ ಕಚೇರಿಯಲ್ಲಿ ನಮ್ಮ ಜನರ ಬಾಯಲ್ಲಿ ಉಳಿದಿವೆ.

ಕಾಗದದಲ್ಲಿ ಜಮೀನು ಸರ್ಕಾರದ್ದು. ಆದರೆ ನಡೆದದ್ದು ಊರಿನ ಕಟ್ಟಳೆ ಪ್ರಕಾರ. ಹಿರಿಯರು ಹೇಳುವ ಮಾತು ಹೀಗಿದೆ: ಮೃಗಶಿರಾ ಮಳಿ ಬಿದ್ದು ಹುಲ್ಲು ಚಿಗುರುವ ಹೊತ್ತಿಗೆ, ಕಾರಹುಣ್ಣಿಮೆ ಮುಗಿದ ಮೇಲೆ, ಗಾಯರಾಣದ ಒಂದು ಭಾಗಕ್ಕೆ ದನ ಬಿಡುತ್ತಿರಲಿಲ್ಲ. ಆಗ ದನ ಮೇಯುವುದು ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಗಾಯರಾಣದ ಇನ್ನೊಂದು ಮಗ್ಗುಲಲ್ಲಿ. ನಾಗರಪಂಚಮಿ ದಾಟಿ ಹುಲ್ಲು ಮೊಣಕಾಲಿಗೆ ಬಂದ ಮೇಲೆ ಮುಚ್ಚಿದ ಭಾಗ ತೆರೆಯುವುದು. ದೀಪಾವಳಿ ಹೊತ್ತಿಗೆ ಬೀಜ ಉದುರಿದ ಕರಡ ಹುಲ್ಲನ್ನು ಕೊಯ್ದು ತಂದು ಬಣವಿ ಒಟ್ಟುವುದು. ಎಳ್ಳಮಾವಾಸ್ಯೆ ಕಳೆದು ಹಿಂಗಾರಿ ಜೋಳದ ರಾಶಿ ಆದ ಮೇಲೆ ಹೊಲದ ಕೊಯ್ಲಿ ಮೇಯಲು ಎಲ್ಲರ ದನಕ್ಕೂ ಬಾಗಿಲು ತೆರೆದಂತೆ. ಕುರಿಯವರು ಹಿಂಡು ತಂದು ಹೊಲದಾಗ ಕೂಡಿಸಿದರೆ ಗೊಬ್ಬರ ನಮಗೆ, ಮೇವು ಅವರಿಗೆ.

ಈ ಪಾಳಿ ಮೀರಿ ದನ ಬಿಟ್ಟವರ ಮೇಲೆ ಊರ ಹಿರಿಯರ ಕಣ್ಣಿತ್ತು. ಬೆಳೆಗೆ ಬಿದ್ದ ದನ ಕೊಂಡವಾಡಕ್ಕೆ ಹೋಗುತ್ತಿತ್ತು, ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕಾಗಿತ್ತು. 1966ರಲ್ಲಿ ಕರ್ನಾಟಕದ ಜಾನುವಾರು ಅತಿಕ್ರಮಣ ಕಾನೂನು ಬಂದ ಮೇಲೂ ಕೊಂಡವಾಡದ ಪದ್ಧತಿ ಮುಂದುವರಿಯಿತು. ಮನೆಮನೆಯ ದನ ಕೂಡಿಸಿ ಕಾಯಲು ಒಬ್ಬ ದನಗಾಹಿ. ಅವನಿಗೆ ವರ್ಷಕ್ಕೆ ಇಷ್ಟು ಜೋಳ ಎಂದು ಆಯ.

ಬಾಂಧವರೇ, ಇದನ್ನು ಸಹಕಾರ ಅನ್ನದೆ ಮತ್ತೇನು ಅನ್ನಬೇಕು? ನಮ್ಮ ನಾಡಿನ ಸಹಕಾರ ಚಳವಳಿಯ ಇತಿಹಾಸ ಬರೆಯುವವರು 1904ರ ಕಾಯಿದೆ, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಎಂದು ಶುರು ಮಾಡುತ್ತಾರೆ. ಅದು ಸರಿಯೇ. ಆದರೆ ರಿಜಿಸ್ಟರ್ ಆಗದೆ, ಸೀಲು ಇಲ್ಲದೆ, ಹುಲ್ಲನ್ನು ಪಾಳಿಯ ಮೇಲೆ ಹಂಚಿಕೊಂಡು ತಿನ್ನಿಸಿದ ಸಂಘ ಊರೂರಲ್ಲಿ ಅದಕ್ಕೂ ಮುಂಚಿನಿಂದ ಇತ್ತು.

ಮೈಸೂರು ಅರಸರ ಕಡೆಯೂ ಇದೇ ತತ್ವ ಕಾಣುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಮುಂದೆ ಟಿಪ್ಪು ಕಾಲದಲ್ಲಿ ಅಮೃತಮಹಲ್ ಆಯಿತು. ಆ ದನಗಳ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಒಂದು ಕಾವಲಿನ ಹುಲ್ಲು ಬೆಳೆಯುವಾಗ ದನ ಇನ್ನೊಂದರಲ್ಲಿ. ಅರಸನ ಲೆಕ್ಕವೂ ದನಗಾಹಿಯ ಲೆಕ್ಕವೂ ಒಂದೇ ಆಗಿತ್ತು: ಹುಲ್ಲಿಗೆ ವಿಶ್ರಾಂತಿ ಕೊಡಬೇಕು.

ಬರಗಾಲ ಕಲಿಸಿದ್ದು

ದಖ್ಖನಿನ ಈ ಭಾಗಕ್ಕೆ ಬರ ಹೊಸದಲ್ಲ. 1876-78ರ ದೊಡ್ಡ ಬರ ಧಾತು ಸಂವತ್ಸರದಲ್ಲಿ ಶುರುವಾದ್ದರಿಂದ ಧಾತು ಬರ ಅಂತಲೇ ಹೆಸರಾಯಿತು. ಸೊಲ್ಲಾಪುರ, ವಿಜಾಪುರ, ನಿಜಾಮರ ರಾಜ್ಯದ ನಮ್ಮ ಜಿಲ್ಲೆಗಳು ಎಲ್ಲ ಕಡೆ ಮನುಷ್ಯರೂ ದನಗಳೂ ಸತ್ತವು. ನಮ್ಮ ತಂದೆ ತಾಯಿ ಕಂಡದ್ದು 1972ರ ಬರ. ಜೋಳವೂ ಇಲ್ಲ, ಕಣಿಕಿಯೂ ಇಲ್ಲ. ಬೇವಿನ ತಪ್ಪಲು, ಜಾಲಿ ಕಾಯಿ ಉದುರಿಸಿ ದನ ಉಳಿಸಿದವರ ಮಾತನ್ನು ನಾವು ಚಿಕ್ಕಂದಿನಲ್ಲಿ ಕೇಳಿದ್ದೇವೆ. ದನ ಕಟುಕರ ಪಾಲಾದದ್ದನ್ನೂ ಕೇಳಿದ್ದೇವೆ.

ಬರಗಾಲದಲ್ಲಿ ಹುಲ್ಲಿನ ಬೇರೂ ಉಳಿಯುವುದಿಲ್ಲ. ಹಸಿದ ದನ ಎಲೆ ತಿಂದು, ಆಮೇಲೆ ಬುಡ ಕೆದರಿ ತಿನ್ನುತ್ತದೆ. ನೆಲ ಬೆತ್ತಲಾಗುತ್ತದೆ. ಮುಂದೆ ಮಳೆ ಬಂದಾಗ ಬೆತ್ತಲೆ ನೆಲದ ಮೇಲೆ ಮೊದಲು ಏಳುವುದು ಹುಲ್ಲಲ್ಲ, ಕಸ. ಹಿಂದೆಯೂ ಕಸ ಇತ್ತು. ತಗಚಿ, ಉತ್ತರಾಣಿ, ಎಕ್ಕಿ, ಮದಗುಣಕಿ ಇವು ಯಾವಾಗಲೂ ಇದ್ದವು. ದನ ಇವನ್ನು ಮೂಸಿ ನೋಡಿ ಬಿಡುತ್ತಿದ್ದವು. ಆದರೆ ಎರಡು ಮೂರು ಒಳ್ಳೆಯ ಮಳೆಗಾಲ ಆದರೆ ಕರಿಕಿಯೂ ಕರಡವೂ ಬಲಿತು ಮತ್ತೆ ತಮ್ಮ ಜಾಗ ಹಿಡಿಯುತ್ತಿದ್ದವು. 1972ರ ನಂತರ ಹಾಗಾಗಲಿಲ್ಲ. ಆ ಹೊತ್ತಿಗೆ ಹೊಸ ಅತಿಥಿಯೊಂದು ನಮ್ಮ ನೆಲಕ್ಕೆ ದಾರಿ ಹುಡುಕಿಕೊಂಡಿತ್ತು.

ಕಾಂಗ್ರೆಸ್ ಕಸ ಬಂದ ದಾರಿ

ಪುಸ್ತಕದಲ್ಲಿ ಇದಕ್ಕೆ ಪಾರ್ಥೇನಿಯಂ ಅಂತ ಹೆಸರು. ಮೂಲ ನೆಲೆ ಮೆಕ್ಸಿಕೋ ಮತ್ತು ಅದರ ಸುತ್ತಿನ ಅಮೆರಿಕದ ಪ್ರದೇಶ. ಮರಾಠಿಯವರು ಎಲೆ ನೋಡಿ ಗಾಜರ್ ಗವತ್, ಅಂದರೆ ಗಜ್ಜರಿ ಹುಲ್ಲು ಅಂದರು. ನಮ್ಮ ಜನ ಕಾಂಗ್ರೆಸ್ ಕಸ ಅಂದರು. ಬಿಳಿ ಹೂವು ಬಿಳಿ ಟೋಪಿ ಹಾಕಿದಂತೆ ಕಾಣುತ್ತದೆ, ಅದಕ್ಕೇ ಈ ಹೆಸರು ಅಂತ ಹೇಳುವುದುಂಟು. ಇದರಲ್ಲಿ ಪಕ್ಷದ ಮಾತು ಏನಿಲ್ಲ; ಎಲ್ಲ ಪಕ್ಷದವರ ಹೊಲದಲ್ಲೂ ಅದು ಸಮನಾಗಿ ಬೆಳೆಯುತ್ತದೆ.

ಪುಣೆಯಲ್ಲಿ ಈ ಗಿಡ ಕಂಡದ್ದನ್ನು ಸಸ್ಯಶಾಸ್ತ್ರಜ್ಞರು 1956ರಲ್ಲಿ ದೇಶಕ್ಕೆ ಹೊಸದೆಂದು ಪ್ರಕಟಿಸಿದರು. ಅಮೆರಿಕದಿಂದ ಪಿ.ಎಲ್. 480 ಗೋಧಿಯ ಜೊತೆ ಇದರ ಬೀಜ ಬಂತು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ನಾವೂ ಶಾಲೆಯಲ್ಲಿ ಹಾಗೇ ಕೇಳಿದ್ದು. ಆದರೆ ವರ್ಷಗಳನ್ನು ಜೋಡಿಸಿ ನೋಡಿದರೆ ಲೆಕ್ಕ ಪೂರಾ ಕೂಡುವುದಿಲ್ಲ. ಪಿ.ಎಲ್. 480 ಪ್ರಕಾರ ಭಾರತದ ಜೊತೆ ಮೊದಲ ಒಪ್ಪಂದ ಆದದ್ದು 1956ರ ಆಗಸ್ಟಿನಲ್ಲಿ. ಪುಣೆಯಲ್ಲಿ ಗಿಡ ಕಂಡದ್ದು ಅದಕ್ಕೂ ಮುಂಚೆ. 1951ರಲ್ಲಿಯೂ ಅಮೆರಿಕದಿಂದ ಸಾಲದ ರೂಪದಲ್ಲಿ ಗೋಧಿ ಬಂದಿತ್ತು. ಆದ್ದರಿಂದ ಗೋಧಿಯ ಜೊತೆ ಬಂದಿರಬಹುದು ಎನ್ನುವುದು ಸಾಧ್ಯ, ಆದರೆ ಪಿ.ಎಲ್. 480 ಒಂದರ ಮೇಲೇ ಪೂರಾ ಭಾರ ಹೊರಿಸುವುದು ಸರಿಯಲ್ಲ.

ಪುಣೆಯಿಂದ ನಮ್ಮಲ್ಲಿಗೆ ದಾರಿ ದೂರವಿಲ್ಲ. ಪುಣೆ, ಸೊಲ್ಲಾಪುರ, ಕಲಬುರಗಿ, ವಾಡಿ ಒಂದೇ ರೈಲು ಮಾರ್ಗ. ನಡುವೆ ನಮ್ಮ ಗಾಣಗಾಪುರ ರೋಡ್ ಸ್ಟೇಷನ್. ಈ ಬೀಜ ಎಷ್ಟು ಸಣ್ಣದೆಂದರೆ ಲಾರಿಯ ಗಾಲಿಗೆ ಹತ್ತಿದ ಕೆಸರಿನಲ್ಲಿ, ಮರಳು ಮೊರಂ ಹೇರಿದ ಟ್ರ್ಯಾಕ್ಟರಿನಲ್ಲಿ, ಹಳ್ಳದ ನೀರಿನಲ್ಲಿ, ಗಾಳಿಯಲ್ಲಿ, ದನದ ಗೊರಸಿನಲ್ಲಿ ಎಲ್ಲದರಲ್ಲೂ ಪ್ರಯಾಣ ಮಾಡುತ್ತದೆ. ನಮ್ಮ ಭಾಗದ ಹಿರಿಯರು ಹೇಳುವ ಪ್ರಕಾರ ಮೊದಲು ಕಂಡದ್ದು ರಸ್ತೆಯ ಬದಿಯಲ್ಲಿ, ಆಮೇಲೆ ತಿಪ್ಪೆಯ ಸುತ್ತ, ಆಮೇಲೆ ಗಾಯರಾಣದಲ್ಲಿ, ಕಡೆಗೆ ಹೊಲದಲ್ಲಿ.

ಕರ್ನಾಟಕ ಸರ್ಕಾರ ಸುಮ್ಮನೆ ಕೂತಿರಲಿಲ್ಲ. 1968ರ ಕೃಷಿ ಕೀಟ ಮತ್ತು ರೋಗಗಳ ಕಾಯಿದೆಯ ಕೆಳಗೆ 1975ರಲ್ಲಿ ಪಾರ್ಥೇನಿಯಂ ಅನ್ನು ಪೀಡೆಯ ಕಳೆ ಎಂದು ಘೋಷಿಸಿತು. ಜಮೀನಿನವರೇ ಕಿತ್ತು ಹಾಕಬೇಕು ಎಂಬುದು ಅದರ ಅರ್ಥ. ಆದರೆ ಗಾಯರಾಣ ಯಾರ ಜಮೀನು? ಸ್ವಂತ ಹೊಲದ ಕಸಕ್ಕೆ ಮಾಲಕ ಇದ್ದಾನೆ. ಎಲ್ಲರ ಜಮೀನಿನ ಕಸಕ್ಕೆ ಪಾಳಿ ಇದ್ದರೆ ಮಾತ್ರ ಮಾಲಕ. ಪಾಳಿ ಮುರಿದ ಮೇಲೆ ಕಸಕ್ಕೆ ಹೇಳುವವರು ಕೇಳುವವರು ಇಲ್ಲವಾದರು.

ಒಂದು ಗಿಡ 15ರಿಂದ 25 ಸಾವಿರದವರೆಗೆ ಬೀಜ ಕೊಡಬಲ್ಲದು. ಮೊಳೆತು ನಾಲ್ಕಾರು ವಾರಕ್ಕೆಲ್ಲ ಹೂ ಬಿಡುತ್ತದೆ. ತೇವ ಇದ್ದರೆ ವರ್ಷದ ಯಾವ ತಿಂಗಳಾದರೂ ಸರಿ. ಬೀಜ ಮಣ್ಣಿನಾಗ ಹಲವು ವರ್ಷ ಜೀವ ಹಿಡಿದು ಕೂಡುತ್ತದೆ. ಬೇರಿನಿಂದಲೂ ಕೊಳೆತ ಎಲೆಯಿಂದಲೂ ಹೊರಬರುವ ರಸ ಪಕ್ಕದ ಹುಲ್ಲನ್ನು, ಪೈರನ್ನು ಏಳಗೊಡುವುದಿಲ್ಲ. ಮೇಲಾಗಿ ದನ ಇದನ್ನು ಬಿಟ್ಟು ಪಕ್ಕದ ಹುಲ್ಲನ್ನೇ ತಿನ್ನುತ್ತದೆ. ಅಂದರೆ ನಮ್ಮ ದನವೇ ದಿನಾ ಬೆಳಿಗ್ಗೆ ಹೋಗಿ ಹುಲ್ಲನ್ನು ಕಡಿಮೆ ಮಾಡಿ ಕಸಕ್ಕೆ ಜಾಗ ಮಾಡಿಕೊಟ್ಟು ಬರುತ್ತದೆ. ಮೇಯಿಸುವ ಪದ್ಧತಿ ಬಿಟ್ಟು ಕಸದ ಮಾತಷ್ಟೇ ಆಡಿದರೆ ಉಪಯೋಗವಿಲ್ಲ ಅನ್ನುವುದು ಇದಕ್ಕೇ.

ದನಕ್ಕೆ, ಹಾಲಿಗೆ, ಮನುಷ್ಯರಿಗೆ

ಹಸಿವು ತಾಳದೆ ಕೆಲವು ದನ ಇದನ್ನು ತಿನ್ನುತ್ತವೆ. ಇದರ ಪರಿಣಾಮ ಏನೆಂದು ತಿಳಿಯಲು ಬೆಂಗಳೂರಿನ ವಿಜ್ಞಾನಿಗಳು ದನ ಎಮ್ಮೆಗಳ ಮೇಲೆ ನಡೆಸಿದ ಪರೀಕ್ಷೆಯ ವಿವರ 1977ರಲ್ಲಿ ಪ್ರಕಟವಾಯಿತು. ಮೇವಿನಲ್ಲಿ ಈ ಕಸದ ಪ್ರಮಾಣ ಹೆಚ್ಚಿದಾಗ ದನಗಳ ಚರ್ಮ ಕೆಟ್ಟಿತು, ಬಾಯಿ ಕರುಳು ಹುಣ್ಣಾದವು, ಬಹಳ ದನ ತಿಂಗಳೊಳಗೆ ಸತ್ತವು. ಸ್ವಲ್ಪ ತಿಂದ ದನ ಸಾಯುವುದಿಲ್ಲ, ಆದರೆ ಹಾಲು ಕಹಿಯಾಗುತ್ತದೆ. ಒಂದು ಮನೆಯ ಕಹಿ ಹಾಲು ಕ್ಯಾನಿಗೆ ಬಿದ್ದರೆ ಹತ್ತು ಮನೆಯ ಹಾಲು ಕೆಡುತ್ತದೆ. ಹಾಲು ಹಾಕುವ ಸದಸ್ಯರು ಇದನ್ನು ಮರೆಯಬಾರದು.

ಮನುಷ್ಯರಿಗೆ ತುರಿಕೆ, ಕಜ್ಜಿ, ಸೀನು, ಕೆಲವರಿಗೆ ಉಬ್ಬಸ. ಕಳೆ ತೆಗೆಯುವ ಹೆಣ್ಣುಮಕ್ಕಳ ಕೈ, ಕುತ್ತಿಗೆ, ಕಣ್ಣಿನ ರೆಪ್ಪೆ ಕಪ್ಪಾಗಿ ದಪ್ಪವಾಗುವುದನ್ನು ನಾವೆಲ್ಲ ನೋಡಿದ್ದೇವೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಗಿಡ ಮುಟ್ಟದಿದ್ದರೂ ಗಾಳಿಯ ಧೂಳಿಗೇ ತುರಿಕೆ ಏಳುತ್ತದೆ. ಅಂಥವರನ್ನು ಕಸ ಕೀಳಲು ಕರೆಯಬಾರದು, ಡಾಕ್ಟರ ಹತ್ತಿರ ಕಳಿಸಬೇಕು.

ಜಾಲಿಯ ಕಥೆ

ಕಾಂಗ್ರೆಸ್ ಕಸ ನಮ್ಮ ಗಾಯರಾಣದ ಮೊದಲ ಪರದೇಶಿ ಅಲ್ಲ. ಬಳ್ಳಾರಿ ಜಾಲಿಯ ಬೀಜ ಭಾರತಕ್ಕೆ ಬಂದದ್ದು 1877ರಲ್ಲಿ. ಜಮೈಕಾದಿಂದ ತರಿಸಿ ಕಡಪಾ ಜಿಲ್ಲೆಯ ಕಮಲಾಪುರಂನಲ್ಲಿ ಬಿತ್ತಿದರು. ಅದೂ ಬರಗಾಲದ ವರ್ಷವೇ. ಸೌದೆ ಆಗಲಿ, ಬರಡು ನೆಲ ಹಸಿರಾಗಲಿ ಎಂಬುದು ಉದ್ದೇಶ. ಉದ್ದೇಶ ಅರ್ಧ ಈಡೇರಿತು ಅನ್ನಬೇಕು. ಬಡವರ ಮನೆಯ ಒಲೆಗೆ ಸೌದೆ, ಇದ್ದಿಲಿಗೆ ಕಟ್ಟಿಗೆ ಸಿಕ್ಕಿತು. ಆದರೆ ಇದರ ಕಾಯಿ ಸಿಹಿ. ಕುರಿ, ಆಡು, ದನ ಕಾಯಿ ತಿಂದು ಬೀಜವನ್ನು ಸಗಣಿ ಹಿಕ್ಕೆಯಲ್ಲಿ ಹೋದಲ್ಲೆಲ್ಲ ಬಿತ್ತಿದವು. ಮುಳ್ಳಿನ ಕಂಟಿ ಬೆಳೆದಲ್ಲಿ ಹುಲ್ಲಿಗೆ ಬಿಸಿಲು ಇಲ್ಲ, ದನಕ್ಕೆ ದಾರಿ ಇಲ್ಲ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಸಾಲದು, ನೂರು ಚಿಗುರಾಗಿ ಏಳುತ್ತದೆ. ಬುಡಸಮೇತ ತೆಗೆಯಬೇಕು. ತೆಗೆದ ಜಾಗದಲ್ಲಿ ಅದೇ ಮಳೆಗಾಲದಲ್ಲಿ ಹುಲ್ಲು ಹಾಕಬೇಕು, ಇಲ್ಲದಿದ್ದರೆ ಕಾಂಗ್ರೆಸ್ ಕಸ ಬರುತ್ತದೆ. ಬರಿದಾದ ನೆಲಕ್ಕೆ ಯಾವುದೋ ಒಂದು ಬಂದೇ ಬರುತ್ತದೆ. ಏನು ಬರಬೇಕೆಂದು ಗೊತ್ತು ಮಾಡುವುದು ನಮ್ಮ ಕೆಲಸ.

ಗಾಯರಾಣ ಸಣ್ಣದಾದದ್ದು

1964ರ ಕರ್ನಾಟಕ ಭೂಕಂದಾಯ ಕಾಯಿದೆ, 1966ರ ನಿಯಮಗಳು ನಮ್ಮ ಈಗಿನ ಆಧಾರ. ನಿಯಮ 97ರ ಪ್ರಕಾರ ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಸರ್ಕಾರಿ ಜಮೀನನ್ನು ಉಚಿತ ಮೇವಿಗಾಗಿ ಕಾಯ್ದಿಡಬೇಕು. ಒಂದು ದನಕ್ಕೆ 12 ಗುಂಟೆ ಆಯಿತು. ಇದರಿಂದ ದನದ ಹೊಟ್ಟೆ ಎಷ್ಟು ತುಂಬುತ್ತದೆ? ನಾವು ಲೆಕ್ಕ ಹಾಕಿ ನೋಡಿದೆವು. ಒಣಭೂಮಿಯ ಹುಲ್ಲು ಹೆಕ್ಟೇರಿಗೆ ಒಂದೂವರೆ ಟನ್ ಒಣ ಮೇವು ಕೊಟ್ಟಿತು ಎಂದು ಹಿಡಿಯಿರಿ. 12 ಗುಂಟೆಗೆ 180 ಕಿಲೋ. 300 ಕಿಲೋ ತೂಕದ ಆಕಳಿಗೆ ದಿನಕ್ಕೆ ಏಳೂವರೆ ಕಿಲೋ ಒಣ ಮೇವು ಬೇಕೆಂದರೆ 24 ದಿನಕ್ಕೆ ಮುಗಿಯಿತು. ಕಾನೂನು ಪೂರ್ತಿ ಪಾಲಿಸಿದರೂ ಗಾಯರಾಣ ಒಂದು ತಿಂಗಳಿನ ಊಟ. ಉಳಿದ ಹನ್ನೊಂದು ತಿಂಗಳು ಕಣಿಕಿ, ತೊಗರಿ ಹೊಟ್ಟು, ಹಿಂಡಿ. ಹಾಗಾದರೆ ಆ ಒಂದು ತಿಂಗಳು ಯಾಕೆ ಬೇಕು ಅಂತ ಕೇಳಬಹುದು. ಹಳೆ ಕಣಿಕಿ ಬಣವಿ ಮುಗಿದು ಹೊಸ ಮೇವು ಇನ್ನೂ ಬಾರದ ಆಷಾಢ ಶ್ರಾವಣದಲ್ಲಿ ದನ ಉಳಿಯುವುದು ಆ ಹಸಿರಿನಿಂದಲೇ. ಹೊಲ ಇದ್ದವರಿಗೆ ಅದು ಒಂದು ತಿಂಗಳು. ಹೊಲ ಇಲ್ಲದ, ಕಣಿಕಿ ಕೊಂಡು ಹಾಕುವ ಸದಸ್ಯರಿಗೆ ಅದು ಒಂದು ಆಕಳು ಕಟ್ಟುವುದೋ ಮಾರುವುದೋ ಎಂಬ ಪ್ರಶ್ನೆ.

ಸಾಗುವಳಿ ಸಕ್ರಮದ ಅರ್ಜಿಗಳು 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57 ಎಂದು ಬಂದವು. ಇದರಲ್ಲಿ ನ್ಯಾಯ ಅನ್ಯಾಯ ಎರಡೂ ಇದೆ. ತಲೆಮಾರಿನಿಂದ ಭೂಮಿ ಇಲ್ಲದ ಕೂಲಿಕಾರರು ಎರಡು ಎಕರೆ ಮಾಡಿಕೊಂಡಿದ್ದರೆ ಅವರನ್ನು ಬೈಯುವ ಬಾಯಿ ನಮ್ಮದಲ್ಲ. ಆದರೆ ಹೊಲ ಇದ್ದವರೇ ಪ್ರತಿ ವರ್ಷ ಬದು ಸರಿಸಿ ಎರಡು ಸಾಲು ಒಳಗೆ ಹೋಗುವುದು ಬೇರೆ ಮಾತು. ದನಗಳಿಗೆ ಬೇಕಾದಷ್ಟು ಬಿಟ್ಟು ಹೆಚ್ಚಿದ್ದರೆ ಮಾತ್ರ ಗಾಯರಾಣವನ್ನು ಬೇರೆಯದಕ್ಕೆ ಕೊಡಬಹುದು ಎಂಬುದು ನಿಯಮದ ಆಶಯ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರಿನ ಸಾಮೂಹಿಕ ಜಮೀನುಗಳ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳಿಗೂ ಹೇಳಿತು. 1993ರ ಪಂಚಾಯತ್ ರಾಜ್ ಕಾಯಿದೆಯ ಪಟ್ಟಿಯಲ್ಲಿ ಹುಲ್ಲುಗಾವಲಿನ ಅಭಿವೃದ್ಧಿ, ಅದು ಪರಭಾರೆ ಆಗದಂತೆ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿಯ ಕೆಲಸ ಎಂದು ಬರೆದಿದೆ.

ಇನ್ನೊಂದು ಮಾತು ಗಮನಿಸಬೇಕು. ಗಾಯರಾಣದ ಲೆಕ್ಕ ದನದ ತಲೆ ಮೇಲೆ ನಿಂತಿದೆ. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು. ಒಂದು ಕಾಲಕ್ಕೆ ಮನೆ ಮುಂದೆ ದೇವಣಿ, ಖಿಲ್ಲಾರಿ ಜೋಡಿ ಕಟ್ಟುವುದೇ ರೈತನ ಮರ್ಯಾದೆ. ಈಗ ಕಾರಹುಣ್ಣಿಮೆಗೆ ಓಡಿಸಲು ಎತ್ತು ಹುಡುಕಬೇಕು. ಜಾನುವಾರು ಗಣತಿಯವರು ಬಂದಾಗ ಯಾವುದೋ ಟ್ಯಾಕ್ಸ್ ಬೀಳುತ್ತದೆಂದು ಹೆದರಿ ನಾಲ್ಕು ಇದ್ದಲ್ಲಿ ಎರಡು ಬರೆಸುವವರು ಇದ್ದಾರೆ. ಹಾಗೆ ಮಾಡಿದರೆ ಕಾಗದದಲ್ಲಿ ಊರಿನ ದನ ಕಡಿಮೆ ಆಗಿ, ಗಾಯರಾಣ ಹೆಚ್ಚಾಯಿತೆಂದು ಲೆಕ್ಕ ಬರುತ್ತದೆ. ಗಣತಿಯಲ್ಲಿ ಒಂದು ಕರ ಕೂಡ ಬಿಡದೆ ಬರೆಸಿರಿ.

ಹುಳ, ಗಿಡ ಮತ್ತು ಪರದೇಶದ ಪಾಠ

ಕಾಂಗ್ರೆಸ್ ಕಸಕ್ಕೆ ಅದರ ತವರಿನಿಂದಲೇ ಶತ್ರು ತರಿಸುವ ಕೆಲಸ ನಮ್ಮ ರಾಜ್ಯದಲ್ಲೇ ಆಯಿತು. ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ಒಂದು ದುಂಬಿಯನ್ನು ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬಯಲಿಗೆ ಬಿಟ್ಟರು. ಕೆನೆ ಬಣ್ಣದ ಬೆನ್ನು, ಅದರ ಮೇಲೆ ಕಂದು ಗೆರೆ; ಹೆಸರು ಝೈಗೋಗ್ರಾಮಾ. ಮರಿಯೂ ದುಂಬಿಯೂ ಕಾಂಗ್ರೆಸ್ ಗಿಡದ ಎಲೆ ತಿಂದು ಕಡ್ಡಿ ಉಳಿಸುತ್ತವೆ. 1991-92ರ ಸುಮಾರಿಗೆ ಇದು ಸೂರ್ಯಕಾಂತಿ ಎಲೆಯ ಮೇಲೆ ಕಂಡಿತೆಂದು ಗದ್ದಲವಾಯಿತು. ನಮ್ಮ ಕಲಬುರಗಿ ರಾಯಚೂರಿನ ಕಡೆ ಆಗ ಸೂರ್ಯಕಾಂತಿ ದೊಡ್ಡ ಬೆಳೆ, ರೈತರು ಹೆದರಿದ್ದು ಸಹಜ. ಕೇಂದ್ರ ಸರ್ಕಾರ ಸಮಿತಿ ಮಾಡಿತು, ಹುಳ ಬಿಡುವುದು ನಿಂತಿತು. ಮುಂದೆ ಪರೀಕ್ಷಿಸಿದಾಗ, ಕಾಂಗ್ರೆಸ್ ಗಿಡದ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬಿದ್ದದ್ದಕ್ಕೆ ದುಂಬಿ ಅಲ್ಲಿ ಬಾಯಿ ಹಾಕಿತ್ತು ಎಂದು ಗೊತ್ತಾಯಿತು. ಈಗ ಈ ದುಂಬಿ ದೇಶದ ಬಹಳ ಭಾಗಕ್ಕೆ ಹರಡಿದೆ. ಆದರೆ ಅದರ ಕೆಲಸ ಮಳೆಗಾಲದಲ್ಲಿ ಮಾತ್ರ. ಒಣ ತಿಂಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಕಸಕ್ಕೆ ಮಲಗುವ ಅಭ್ಯಾಸ ಇಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಂ. ಮಹಾದೇವಪ್ಪನವರು ಕಸಕ್ಕೆ ಎದುರಾಗಿ ಗಿಡ ನಿಲ್ಲಿಸುವ ಮಾತನ್ನು ಒತ್ತಿ ಹೇಳಿದರು. ಕ್ಯಾಸಿಯಾ ಸೆರಿಸಿಯಾ ಎಂಬ ತಗಚಿ ಜಾತಿಯ ಗಿಡ ಬಿತ್ತಿದರೆ ಅದು ಕಾಂಗ್ರೆಸ್ ಕಸವನ್ನು ಅದುಮಿಡುತ್ತದೆ. ರಸ್ತೆ ಬದಿಗೆ, ಬರಡು ಜಾಗಕ್ಕೆ ಇದು ಒಳ್ಳೆಯದೇ. ಆದರೆ ದನ ತಗಚಿಯನ್ನೂ ತಿನ್ನುವುದಿಲ್ಲ. ಗಾಯರಾಣದಲ್ಲಿ ಎದುರು ನಿಲ್ಲಿಸಬೇಕಾದದ್ದು ಹುಲ್ಲನ್ನೇ.

ಈ ವಿಷಯದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಅನುಭವ ನಮಗೆ ಉಪಯೋಗದ್ದು. ಅಲ್ಲಿ 1960ರಲ್ಲಿ ಅಮೆರಿಕದಿಂದ ತರಿಸಿದ ಹುಲ್ಲಿನ ಬೀಜದ ಜೊತೆಗೇ ಈ ಕಸ ಕ್ಲೆರ್ಮಾಂಟ್ ಎಂಬ ಊರ ಹತ್ತಿರ ಬಂತು. ಮೇವಿನ ಜೊತೆ ಶತ್ರು! ಅವರೂ 1980ರಲ್ಲಿ ಇದೇ ದುಂಬಿ ಬಿಟ್ಟರು, ಔಷಧಿ ಹೊಡೆದರು, ಊರಿನಿಂದ ಊರಿಗೆ ಹೋಗುವ ವಾಹನ ತೊಳೆಯಲು ಜಾಗ ಮಾಡಿದರು. ಇಷ್ಟೆಲ್ಲ ಮಾಡಿ ಕಡೆಗೆ ದನ ಸಾಕುವವರಿಗೆ ಹೇಳಿದ ಮುಖ್ಯ ಮಾತು ಏನೆಂದರೆ, ಹುಲ್ಲು ಗಟ್ಟಿಯಾಗಿ ನಿಂತ ಕಡೆ ಈ ಕಸ ಏಳುವುದಿಲ್ಲ. ದನ ಹೆಚ್ಚಾಗಿ ಮೇಯ್ದು ನೆಲ ಬರಿದಾದ ಕಡೆ ಏಳುತ್ತದೆ. ಸಾವಿರಾರು ಎಕರೆಯ ಒಡೆಯರಿಗೆ ಅಲ್ಲಿನ ಇಲಾಖೆ ಹೇಳಿದ ಮಾತು, ನಮ್ಮ ಹಿರಿಯರು ಕಾರಹುಣ್ಣಿಮೆಗೆ ಗಾಯರಾಣ ಮುಚ್ಚುತ್ತಿದ್ದ ಮಾತು, ಎರಡೂ ಒಂದೇ.

ಈಗ ಮಾಡಬೇಕಾದದ್ದು

ಇತಿಹಾಸ ಓದಿ ಮುಗಿಸಿ ಸಂಚಿಕೆಯನ್ನು ಮಾಡದ ಮೇಲಿಟ್ಟರೆ ಪ್ರಯೋಜನವಿಲ್ಲ. ಸಂಘದ ಸಾಮಾನ್ಯ ಸಭೆಯ ಮುಂದೆ ಇಡಲು ನಾವು ಈ ಕೆಳಗಿನ ಮಾತುಗಳನ್ನು ಬರೆದಿದ್ದೇವೆ.

ಮೊದಲನೆಯದು, ಉಳಿದಿರುವ ಗಾಯರಾಣದ ಅಳತೆ ಮಾಡಿಸಿ ಗಡಿಗೆ ಕಲ್ಲು ನೆಡುವುದು. ಇದಕ್ಕೆ ಪಂಚಾಯಿತಿಯ ಠರಾವು, ತಹಸೀಲ ಕಚೇರಿಯ ಅರ್ಜಿ ಬೇಕು. ಸದಸ್ಯರು ಒಟ್ಟಾಗಿ ಸಹಿ ಮಾಡಿದರೆ ಅರ್ಜಿಗೆ ತೂಕ ಬರುತ್ತದೆ.

ಎರಡನೆಯದು, ಇರುವ ಜಾಗವನ್ನು ಮೂರು ಭಾಗ ಮಾಡಿ ಪ್ರತಿ ಮಳೆಗಾಲ ಒಂದು ಭಾಗವನ್ನು ಮೃಗಶಿರಾ ಮಳೆಯಿಂದ ದಸರಾದವರೆಗೆ ಪೂರಾ ಮುಚ್ಚುವುದು. ಬೀಜ ಉದುರಿದ ಮೇಲೆ ತೆರೆಯುವುದು. ಮೂರು ವರ್ಷದಲ್ಲಿ ಮೂರು ಭಾಗಕ್ಕೂ ಪಾಳಿ ಬರುತ್ತದೆ. ಹೊಲ ಇಲ್ಲದ ಸದಸ್ಯರಿಗೆ ಮುಚ್ಚಿದ ಭಾಗದಲ್ಲಿ ಹುಲ್ಲು ಕೊಯ್ದುಕೊಂಡು ಹೋಗಲು ಮೊದಲ ಹಕ್ಕು ಇರಬೇಕು. ಇದಿಲ್ಲದೆ ಬೇಲಿ ಹಾಕಿದರೆ ಬಡವರ ಆಕಳಿನ ಬಾಯಿ ಕಟ್ಟಿದಂತೆ.

ಮೂರನೆಯದು, ಕಸ ಕೀಳುವ ಹೊತ್ತು. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು, ಬೇರುಸಮೇತ ಕೀಳಬೇಕು. ಹೂ ಬಂದ ಮೇಲೆ ಕಿತ್ತರೆ ಬೀಜವನ್ನು ನಾವೇ ಕೊಡವಿದಂತೆ. ಕೈಗೆ ಚೀಲ ಇಲ್ಲವೆ ಗ್ಲೌಸು, ಮೂಗಿಗೆ ಬಟ್ಟೆ ಇರಲೇಬೇಕು. ಒಮ್ಮೆ ಕಿತ್ತರೆ ಮುಗಿಯುವುದಿಲ್ಲ, ಒಂದು ಮಳೆಗಾಲದಲ್ಲಿ ಮೂರು ಸಲ, ಹೀಗೆ ನಾಲ್ಕೈದು ವರ್ಷ. ಹೂ ಇಲ್ಲದ ಗಿಡವನ್ನು ಗುಂಡಿಯಲ್ಲಿ ಸಗಣಿ ಜೊತೆ ಹಾಕಿದರೆ ಗೊಬ್ಬರ ಆಗುತ್ತದೆ. ದೇಶದಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ಶಾಲೆ, ಪಂಚಾಯಿತಿ, ಸಂಘ ಮೂವರೂ ಸೇರಿದರೆ ಆ ವಾರದಲ್ಲೇ ಒಂದು ಸುತ್ತು ಮುಗಿಯುತ್ತದೆ.

ನಾಲ್ಕನೆಯದು, ಕಿತ್ತ ಜಾಗದಲ್ಲಿ ಹುಲ್ಲು. ಅಂಜನ್ ಹುಲ್ಲು, ಅದರ ಜೊತೆ ಸ್ಟೈಲೋ ಎಂಬ ದ್ವಿದಳ ಮೇವು ಒಣಭೂಮಿಗೆ ಸರಿಹೊಂದುತ್ತವೆ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರ ಧಾರವಾಡದಲ್ಲಿದೆ. ನಮ್ಮ ಎರಿ ಮಣ್ಣಿಗೆ ಯಾವುದು ಸರಿ ಎಂದು ಕೇಳಿ ಬೀಜ ತರಬಹುದು. ಔಷಧಿ ಮತ್ತು ಉಪ್ಪಿನ ನೀರಿನ ಮಾತು ಕೆಲವರು ಆಡುತ್ತಾರೆ. ಲೀಟರಿಗೆ 200 ಗ್ರಾಂ ಉಪ್ಪು ಕರಗಿಸಿ ಹೊಡೆದರೆ ಗಿಡ ಸುಡುತ್ತದೆ ನಿಜ. ಅದು ಗೋಡೆ ಬದಿಗೆ, ಖಾಲಿ ಜಾಗಕ್ಕೆ ಸರಿ. ದನ ಮೇಯುವ ನೆಲಕ್ಕೆ ಉಪ್ಪು ಸುರಿಯಬಾರದು.

ಐದನೆಯದು, ಮೇಯಿಸುವಾಗಿನ ಎಚ್ಚರ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕೆ, ಕೊಯ್ದ ಮೇಲೆ ಕೂಳೆಯಿಂದ ಚಿಗುರಿದ ಜೋಳಕ್ಕೆ ಹಸಿದ ದನ ಬಿಡಬೇಡಿ. ಅದರಲ್ಲಿ ವಿಷ ಇರುತ್ತದೆ, ಗಳಿಗೆಯಲ್ಲಿ ದನ ಬೀಳುತ್ತದೆ. ಬೆಳಿಗ್ಗೆ ನಾಲ್ಕು ಕಡ್ಡಿ ಕಣಿಕಿ ಹಾಕಿ ಆಮೇಲೆ ಬಯಲಿಗೆ ಹೊಡೆಯಿರಿ. ಅರೆಹೊಟ್ಟೆ ತುಂಬಿದ ದನ ಕಸಕ್ಕೆ ಬಾಯಿ ಹಾಕುವುದಿಲ್ಲ.

ಬಾಂಧವರೇ, ಮೇಲೆ ಹೇಳಿದ ಯಾವ ಕೆಲಸವೂ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ನಮ್ಮ ಹೊಲ ಸ್ವಚ್ಛ ಇಟ್ಟುಕೊಂಡರೂ ಗಾಯರಾಣದ ಬೀಜ ಗಾಳಿಗೆ ಬಂದೇ ಬರುತ್ತದೆ. 25 ವರ್ಷದಲ್ಲಿ ಈ ಸಂಘ ದಿನಕ್ಕೆರಡು ಸಲ ಹಾಲು ಅಳೆದು, ಒಂದು ಲೀಟರ್ ಹಾಕಿದವರಿಗೂ ಹತ್ತು ಲೀಟರ್ ಹಾಕಿದವರಿಗೂ ಸರಿಯಾದ ಲೆಕ್ಕ ಕೊಡುವುದನ್ನು ಕಲಿತಿದೆ. ಹಾಲಿನ ಲೆಕ್ಕ ಇಡಬಲ್ಲ ಸಂಘಕ್ಕೆ ಹುಲ್ಲಿನ ಪಾಳಿಯ ಲೆಕ್ಕ ಇಡುವುದು ಭಾರವಲ್ಲ. ಒಂದು ದಫ್ತರು, ಅದರಲ್ಲಿ ಯಾವ ಭಾಗ ಯಾವಾಗ ಮುಚ್ಚಿತು, ಯಾರ ಪಾಳಿ ಯಾವ ದಿನ, ಎಷ್ಟು ಹೊರೆ ಹುಲ್ಲು ಬಂತು ಎಂದು ಬರೆದರೆ ಸಾಕು.

ಮುಂದಿನ ಮೃಗಶಿರಾ ಮಳೆಗೆ ಮುಂಚೆ ಸಭೆ ಕರೆದು ಈ ಠರಾವು ಮಾಡಬೇಕೆಂದು ನಾವು ಎಲ್ಲ ಸದಸ್ಯರಲ್ಲಿ, ತಾಯಂದಿರಲ್ಲಿ, ಊರಿನ ಯುವಕರಲ್ಲಿ ವಿನಂತಿಸುತ್ತೇವೆ.  ಸಂಘ ಬೆಳೆಯಲಿ, ದನಕರು ಸುಖವಾಗಿರಲಿ.